ಲಾನಿಗೆ ಉಸಿರು, ನನಗೆ ಏದುಸಿರು

"ಈ ಸಲ ನಮ್ಮ ಲಾನಿಗೆ ನಾನೇ ಉಸಿರು ಕೊಡ್ತೀನಿ!"

ಸೆಪ್ಟೆಂಬರಿನ ಒಂದು ಶನಿವಾರ ಬೆಳಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ನಾನು ಹೀಗೆಂದು ಘೋಷಿಸಿದೆ. ನನ್ನ ಹೆಂಡತಿ ಮಾರ್ಲಿಸ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ತಲೆಯೆತ್ತಿಯೂ ನೋಡಲಿಲ್ಲ.

"ಮೊದ್ಲು ಮಹಡಿ ಹತ್ತುವಾಗ ನೀನು ಸರಿಯಾಗಿ ಉಸಿರು ತಗೋ ಆರಿನ್. ಆಮೇಲೆ ಲಾನಿಗೆ ಕೊಡುವೆಯಂತೆ" ಎಂದಳು.

ಇಂಥ ಮಾತಿಗೆಲ್ಲ ಕುಗ್ಗುವ ಜಾಯಮಾನ ನನ್ನದಲ್ಲ. ಮಿನೆಸೋಟಾದ ನಮ್ಮ ಎಲ್ಮ್‌ಡೇಲಿನಲ್ಲಿ ಗಂಡಸಿನ ಯೋಗ್ಯತೆಯನ್ನು ಅಳೆಯುವುದು ಅವನ ಮನೆಯ ಹುಲ್ಲಿನಿಂದ. ಒಳಗೆ ಗಂಡ ಹೆಂಡಿರು ಮಾತುಬಿಟ್ಟು ವಾರವಾಗಿರಬಹುದು, ಸೂರು ಸೋರುತ್ತಿರಬಹುದು. ಹೊರಗೆ ಹುಲ್ಲು ಹಸಿರಾಗಿದ್ದರೆ ಸಂಸಾರ ಸುಖವಾಗಿದೆ ಎಂದು ಬೀದಿಯವರೆಲ್ಲ ಒಪ್ಪಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ನನ್ನ ಸಂಸಾರ ಮುರಿದುಬಿದ್ದು ಬಹಳ ಕಾಲವಾಗಿತ್ತು. ನಮ್ಮ ಲಾನು ಒಂದು ಕಡೆ ಹಳದಿ, ಒಂದು ಕಡೆ ಕಂದು, ಮಿಕ್ಕ ಕಡೆ ನನ್ನ ನೆತ್ತಿಯ ಹಾಗೆ.

ಇದರ ಪಕ್ಕದಲ್ಲೇ ಗೇಲನ್‌ನ ಲಾನು! ಗೇಲನ್ ಟೋರ್ವಿಕ್ ನಮ್ಮ ನೆರೆಯವನು. ಔಷಧದಂಗಡಿ ನಡೆಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ತನ್ನ ಪ್ರೀತಿಯನ್ನೆಲ್ಲ ಹುಲ್ಲಿಗೆ ಸುರಿದಿದ್ದ. ಅವನ ಲಾನಿನ ಮೇಲೆ ಕಾಲಿಡಲು ಯಾರಿಗೂ ಅಪ್ಪಣೆಯಿಲ್ಲ. ಬಂದವರು ಅವನು ಜೋಡಿಸಿಟ್ಟ ಚಪ್ಪಡಿ ಕಲ್ಲುಗಳ ಮೇಲೆ ಕುಪ್ಪಳಿಸಿಕೊಂಡೇ ಬಾಗಿಲು ಮುಟ್ಟಬೇಕು. ನಮ್ಮ ಪಾಸ್ಟರ್ ಕೂಡ ಕಪ್ಪೆಯ ಹಾಗೆಯೇ ಅವನ ಮನೆಗೆ ಹೋಗುತ್ತಿದ್ದರು.

"ನಿನ್ನ ಮಣ್ಣು ಗಟ್ಟಿಯಾಗಿದೆ ಮಾರಾಯ" ಎಂದು ಗೇಲನ್ ಬೇಲಿಯಿಲ್ಲದ ಗಡಿಯಾಚೆ ನಿಂತು ಕನಿಕರದಿಂದ ಹೇಳಿದ್ದ. "ಬೇರಿಗೆ ಗಾಳಿ ಹೋಗ್ತಿಲ್ಲ, ನೀರು ಇಳೀತಿಲ್ಲ. ತೂತು ಹೊಡಿಸು."

ತೂತು ಹೊಡೆಯಲು ನಮ್ಮಲ್ಲಿ ಒಂದು ಯಂತ್ರವಿದೆ. ಹುಲ್ಲು ಕತ್ತರಿಸುವ ಯಂತ್ರದ ದೊಡ್ಡಪ್ಪನಂತಿರುತ್ತದೆ. ಅದರ ಹೊಟ್ಟೆಯಡಿ ಟೊಳ್ಳು ಕಬ್ಬಿಣದ ಬೆರಳುಗಳಿರುತ್ತವೆ. ಅವು ನೆಲಕ್ಕೆ ಇಳಿದು, ಬೆರಳುದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಉಗುಳುತ್ತ ಸಾಗುತ್ತವೆ. ಆ ತೂತುಗಳ ಮೂಲಕ ಬೇರಿಗೆ ಗಾಳಿ, ನೀರು ಇಳಿದು ಹುಲ್ಲು ಹುಲುಸಾಗುತ್ತದೆ. ಬುದ್ಧಿಯಿರುವವರು ಕೆಲಸದವರನ್ನು ಕರೆಸಿ ಇದನ್ನು ಮಾಡಿಸುತ್ತಾರೆ. ನಾನು ಯಂತ್ರವನ್ನೇ ಬಾಡಿಗೆಗೆ ತಂದೆ.

ಬಾಡಿಗೆ ಅಂಗಡಿಯವನು ವಿವರಿಸಲು ಬಾಯಿ ತೆರೆದ. "ಸಾರ್, ಈ ಹಿಡಿಕೆ ಇದೆಯಲ್ಲ, ಇದನ್ನ..."

"ಜೀವಮಾನವೆಲ್ಲ ಸ್ಕೂಲ್ ಬಸ್ ಓಡಿಸಿದೀನಪ್ಪ" ಎಂದು ಕೈಯೆತ್ತಿ ತಡೆದೆ. "ಹಿಮದಲ್ಲಿ, ಮಂಜಿನಲ್ಲಿ, ಹಿಂದುಗಡೆ ಅರವತ್ತು ಮಕ್ಕಳು ಒಟ್ಟಿಗೆ ಕಿರುಚ್ತಿರುವಾಗ! ನಂಗೆ ಹಿಡಿಕೆ ಪಾಠ ಹೇಳ್ತೀಯಾ?"

ಅವನು ತೆರೆದ ಬಾಯಿಯನ್ನು ಮುಚ್ಚಿಕೊಂಡು ಯಂತ್ರವನ್ನು ನನ್ನ ಗಾಡಿಗೆ ಹತ್ತಿಸಿದ.

ಮನೆಗೆ ಬಂದರೆ ಮಾರ್ಲಿಸ್ ಹೊಸ ತಕರಾರು ತೆಗೆದಳು.

"ಇವತ್ತು ಬೇಡ ಆರಿನ್. ಮಧ್ಯಾಹ್ನ ಗೇಲನ್ ಮನೆಗೆ ಆರ್ಡಿತ್ ಊಟಕ್ಕೆ ಬರ್ತಿದಾಳೆ. ಕೇಳ್ತಾನಂತೆ."

"ಏನು ಕೇಳ್ತಾನೆ?"

"ಉಪ್ಪು ಇತ್ತ ಕೊಡು ಅಂತ ಕೇಳ್ತಾನೆ! ಮದ್ವೆ ಆಗ್ತೀಯಾ ಅಂತ ಕಣೋ! ಇನ್ನೇನು ಕೇಳ್ತಾರೆ?"

ಆರ್ಡಿತ್ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಹಸು ಸಾಕುವ ಮನೆಯಲ್ಲಿ ಬೆಳೆದವಳು, ಮದುವೆಯ ಗೊಡವೆಗೆ ಹೋಗದೆ ಇಷ್ಟು ವರ್ಷ ನೆಮ್ಮದಿಯಾಗಿದ್ದವಳು. ಗೇಲನ್ ಒಂದು ಇಡೀ ಚಳಿಗಾಲ ಭಾನುವಾರ ತಪ್ಪದೆ ಮುಂದಿನ ಸಾಲಿನಲ್ಲಿ ಕೂತು ಅವಳ ಬೆನ್ನನ್ನು ನೋಡುತ್ತಿದ್ದ. ಈಗ ಧೈರ್ಯ ಕೂಡಿಬಂದಿತ್ತು. ಎಷ್ಟರಮಟ್ಟಿಗೆಂದರೆ, ಊಟದ ಮೇಜನ್ನು ತನ್ನ ಲಾನಿನ ಮೇಲೆಯೇ ಹಾಕಿದ್ದ!

"ಅವರು ಕೂರೋ ಹೊತ್ತಿಗೆ ಮುಗಿಸಿರ್ತೀನಿ. ಸದ್ದೇ ಕೇಳಿಸಲ್ಲ" ಎಂದೆ.

"ಗಡಿ ಹತ್ರ ಹಳದಿ ಬಾವುಟ ನೆಟ್ಟಿದೀನಿ, ನೋಡಿಕೋ" ಎಂದು ಹೇಳಿ ಅವಳು ಒಳಗೆ ಹೋದಳು. ಒಲೆಯ ಮೇಲೆ ಏನೋ ಉಕ್ಕುತ್ತಿತ್ತು.

ನೋಡಿಕೊಂಡೆ. ನಮ್ಮ ಅಂಗಳಕ್ಕೂ ಗೇಲನ್‌ನ ಅಂಗಳಕ್ಕೂ ನಡುವೆ ಸಾಲಾಗಿ ಪುಟ್ಟ ಪುಟ್ಟ ಹಳದಿ ಬಾವುಟಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ನನ್ನ ಕಣ್ಣು ಒದ್ದೆಯಾಯಿತು. ನೆರೆಮನೆಯ ಶುಭಕಾರ್ಯಕ್ಕೆ ನನ್ನ ಹೆಂಡತಿ ತೋರಣ ಕಟ್ಟಿದ್ದಾಳೆ! ಎಂಥ ಹೃದಯ! ಆದರೆ ಅಲ್ಲಿದ್ದರೆ ಯಂತ್ರಕ್ಕೆ ಸಿಕ್ಕಿ ಹರಿದುಹೋಗುತ್ತವೆ. ಒಂದೊಂದನ್ನೇ ನಾಜೂಕಾಗಿ ಕಿತ್ತು, ಮುಂಬಾಗಿಲ ಬಳಿಯ ಹೂಕುಂಡದಲ್ಲಿ ಗೊಂಚಲಾಗಿ ಚುಚ್ಚಿದೆ. ಬಹಳ ಚೆನ್ನಾಗಿ ಕಾಣುತ್ತಿತ್ತು.

ಆ ಬಾವುಟಗಳ ಕೆಳಗೆ ಏನಿತ್ತು ಎಂಬುದನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ನನಗಂತೂ ಆಗ ಹೊಳೆಯಲಿಲ್ಲ. ನಮ್ಮ ನಾಯಿ ಬಿಷಪ್‌ನನ್ನು ಅಂಗಳ ದಾಟದಂತೆ ತಡೆಯುವ ತಂತಿ ಅಲ್ಲಿ ನೆಲದೊಳಗೆ ಹುದುಗಿತ್ತು. ತಂತಿಯ ಹತ್ತಿರ ಹೋದರೆ ಅವನ ಕೊರಳಪಟ್ಟಿ ಚುರುಕ್ ಎನ್ನಿಸುತ್ತದೆ. ಬಿಷಪ್ ಕರಡಿಗಾತ್ರದ ಕಪ್ಪು ನಾಯಿ. ಹೆಸರಿಗೆ ತಕ್ಕ ಗಾಂಭೀರ್ಯ. ದಿನವಿಡೀ ಗಡಿಯಲ್ಲಿ ಕೂತು, ಗೇಲನ್‌ನ ಅಡುಗೆಮನೆಯ ಕಡೆ ಮೂಗು ಮಾಡಿಕೊಂಡು, ಈ ಲೋಕದ ಆಸೆಗಳನ್ನು ಗೆದ್ದವನಂತೆ ಧ್ಯಾನ ಮಾಡುತ್ತಿರುತ್ತಾನೆ.

ಕಾರ್ಯ ಆರಂಭವಾಯಿತು. ಮಣ್ಣು ಒದ್ದೆಯಿದ್ದರೆ ಯಂತ್ರ ಚೆನ್ನಾಗಿ ಕಚ್ಚುತ್ತದೆ ಎಂದು ಕೇಳಿದ್ದೆ. ಲಾನಿಗೆ ಹೊಟ್ಟೆ ತುಂಬ ನೀರು ಕುಡಿಸಿದೆ. ಯಂತ್ರ ಭಾರವಿದ್ದಷ್ಟೂ ತೂತು ಆಳ ಎಂದೂ ಕೇಳಿದ್ದೆ. ಅದರ ತಲೆಯ ಮೇಲೆ, ನೆಲಮಾಳಿಗೆಯಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನೆಲ್ಲ ಹೇರಿ ಹಗ್ಗ ಬಿಗಿದೆ. ಇಂಜಿನ್ ಗುಡುಗಿತು. ಹಿಡಿಕೆ ಹಿಡಿದು ಹೊರಟೆ ನೋಡಿ, ಎಂಥ ನಡಿಗೆ! ಎಂಥ ಗತ್ತು! ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಆಮೇಲೆ ಅಡ್ಡಡ್ಡ. ಆಮೇಲೆ ಮೂಲೆಯಿಂದ ಮೂಲೆಗೆ. ಯಂತ್ರ ಕುರಿಮರಿಯ ಹಾಗೆ ನನ್ನ ಮಾತು ಕೇಳಿತು. ಇದಕ್ಕೆ ಜನ ಕೆಲಸದವರನ್ನು ಕರೆಸುತ್ತಾರಲ್ಲ ಎಂದು ಜನರ ಮೇಲೆ ಅನುಕಂಪ ಹುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಮಾರ್ಲಿಸ್ ಹೊರಗೆ ಬಂದು ಲಾನನ್ನು ನೋಡಿದಳು. ಸುಮ್ಮನೆ ನೋಡಿದಳು. ಬಗ್ಗಿ ನೋಡಿದಳು.

"ಆರಿನ್, ತೂತೆಲ್ಲಿ?"

"ಯಾವ ತೂತು?"

"ಬೆಳಗ್ಗೆಯಿಂದ ಹೊಡೀತಿದೀಯಲ್ಲ, ಆ ತೂತು."

ನಾನೂ ಬಗ್ಗಿ ನೋಡಿದೆ. ನೆಲ ನುಣ್ಣಗಿತ್ತು. ಇಸ್ತ್ರಿ ಮಾಡಿದಂತಿತ್ತು. ಒದ್ದೆ ಜೇಡಿಮಣ್ಣಿನ ಮೇಲೆ ಇಟ್ಟಿಗೆ ಹೇರಿದ ಯಂತ್ರ ಇಡೀ ಬೆಳಗು ಚಕ್ರ ಉರುಳಿಸಿ, ರಸ್ತೆ ಹಾಕುವವರಿಗೂ ನಾಚಿಕೆಯಾಗುವ ಹಾಗೆ ಅದನ್ನು ಅಮುಕಿ ಕೂರಿಸಿತ್ತು. ಯಂತ್ರದ ಪಕ್ಕದಲ್ಲಿ ಒಂದು ಸನ್ನೆಗೋಲು. ಅದು ಮೇಲಿತ್ತು. ಅದು ಮೇಲಿದ್ದರೆ ಕಬ್ಬಿಣದ ಬೆರಳುಗಳೂ ಮೇಲೆ. ಗಾಳಿಯಲ್ಲಿ.

"ಲಾನಿಗೆ ಗಾಳಿ ಹೋಗ್ಲಿಲ್ಲ" ಎಂದಳು ಮಾರ್ಲಿಸ್. "ಮಿಷನ್ನಿಗೆ ಚೆನ್ನಾಗಿ ಗಾಳಿ ಆಡ್ತು."

"ಇದು ಪೂರ್ವಸಿದ್ಧತೆ" ಎಂದೆ. "ಮೊದ್ಲು ಮಟ್ಟ ಮಾಡ್ಕೋಬೇಕು."

"ಗೇಲನ್ ಮೇಜಿಗೆ ಹ್ಯಾಮ್ ತಂದಿಟ್ಟಾಯ್ತು. ಆರ್ಡಿತ್ ಕೂತಾಯ್ತು. ಸಾಕು, ನಿಲ್ಲಿಸು."

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. "ಗಡಿಯ ಹತ್ತಿರ ಒಂದೇ ಒಂದು ಸಾಲು ಹೊಡೆದು ತೋರಿಸ್ತೀನಿ" ಎಂದು ಇಂಜಿನ್ ಚಾಲೂ ಮಾಡಿ, ಹಿಡಿಕೆಯನ್ನು ಬಿಗಿಯಾಗಿ ಅಮುಕಿ ಹಿಡಿದು, ಸನ್ನೆಗೋಲನ್ನು ಕಾಲಿನಿಂದ ಕೆಳಗೆ ಒತ್ತಿದೆ.

ಕಬ್ಬಿಣದ ಬೆರಳುಗಳು ನೆಲಕ್ಕೆ ನಾಟಿದವು. ಬೆಳಗ್ಗೆಯ ಕುರಿಮರಿ ಗೂಳಿಯಾಯಿತು!

ಓಡಿತು ಎಂದರೆ ಸುಳ್ಳಾಗುತ್ತದೆ. ಅದು ನಡೆಯಿತು. ಔತಣಕ್ಕೆ ತಡವಾದವರು ನಡೆಯುವಷ್ಟೇ ವೇಗ. ಆದರೆ ನಿಲ್ಲಲಿಲ್ಲ, ತಿರುಗಲಿಲ್ಲ, ನನ್ನ ಅಭಿಪ್ರಾಯ ಕೇಳಲಿಲ್ಲ. ಹಿಡಿಕೆಗೆ ಜೋತುಬಿದ್ದ ನಾನು ಹಿಮ್ಮಡಿಯನ್ನು ನೆಲಕ್ಕೆ ಊರಿ ಹಿಂದಕ್ಕೆ ಜಗ್ಗಿದೆ. ನನ್ನ ಬೂಟುಗಳು ನೆಲದಲ್ಲಿ ಎರಡು ಕಾಲುವೆ ತೋಡಿದವು. ನಮ್ಮ ಗಡಿ ಬಂತು. ನೆಲದೊಳಗೆ ಏನೋ "ಟಿಣ್" ಎಂದಿತು. ಗಡಿ ಹೋಯಿತು. ಆ ಟಿಣ್ ಶಬ್ದ ಕೇಳಿಸಿದ್ದೇ ತಡ, ನನ್ನ ಹಿಂದಿನಿಂದ ಮಾರ್ಲಿಸ್ ನನ್ನ ಪೂರ್ತಿ ಹೆಸರು ಹಿಡಿದು ಕೂಗಿದಳು.

"ಆರಿನ್ ಥಿಯೊಡೋರ್ ಲುಂಡ್‌ಕ್ವಿಸ್ಟ್! ಬಾವುಟ ಎಲ್ಲಿ?"

"ಹೂಕುಂಡದಲ್ಲಿ!" ಎಂದು ಕೂಗುತ್ತ ನಾನು ಗೇಲನ್‌ನ ಲಾನನ್ನು ಪ್ರವೇಶಿಸಿದೆ.

ಸತ್ಯ ಹೇಳಬೇಕೆಂದರೆ ಯಂತ್ರ ಅಲ್ಲಿ ಅತ್ಯುತ್ತಮವಾಗಿ ಕೆಲಸ ಮಾಡಿತು. ಆ ಬಿಲಿಯರ್ಡ್ಸ್ ಮೇಜಿನಂಥ ಹಸಿರಿನ ಮೇಲೆ ಮಣ್ಣಿನ ತುಂಡುಗಳು ನಾಯಿಯ ಹಿಕ್ಕೆಯ ಹಾಗೆ ಸಾಲುಸಾಲಾಗಿ ಉದುರಿದವು. ಎದುರಿಗೆ ಬಿಳಿ ಬಟ್ಟೆ ಹಾಸಿದ ಮೇಜು. ಮೇಜಿನ ಮೇಲೆ ಅನಾನಸ್ ಚೂರುಗಳಿಂದ ಅಲಂಕರಿಸಿದ, ಬೆಳ್ಳಿ ತಟ್ಟೆಯಲ್ಲಿ ಮಿರಮಿರ ಮಿಂಚುವ ಹಂದಿತೊಡೆಯ ಹ್ಯಾಮ್. ಈ ಕಡೆ ಟೈ ಕಟ್ಟಿದ ಗೇಲನ್. ಆ ಕಡೆ ನೀಲಿ ಉಡುಪಿನ ಆರ್ಡಿತ್. ಗೇಲನ್ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಆರ್ಡಿತ್, ಬಹಳ ದಿನದಿಂದ ನಿನ್ನ ಹತ್ರ ಒಂದು ಮಾತು..."

ಅಷ್ಟರಲ್ಲಿ ಅವನಿಗೆ ನಾನು ಕಾಣಿಸಿದೆ.

"ಆರಿನ್? ಎಲ್ಲಿಗೆ ಹೊರಟೆ?"

"ಗೊತ್ತಿಲ್ಲ!"

"ಲಾನ್ ಮೇಲೆ ಬರ್ತಿದೀಯಲ್ಲೋ!"

"ನಾನು ಬರ್ತಿಲ್ಲ ಮಾರಾಯ! ಅದು ಕರ್ಕೊಂಡು ಬರ್ತಿದೆ! ಏಳ್ರಪ್ಪಾ, ದಾರಿ ಬಿಡಿ!"

ಬಲಕ್ಕೆ ಜಗ್ಗಿದೆ. ಯಂತ್ರ, ಹಕ್ಕಿಗಳಿಗೆ ನೀರಿಡುವ ಕಲ್ಲಿನ ಬಟ್ಟಲನ್ನು ಸುತ್ತುಹಾಕಿತು. ಒಂದು ಕ್ಷಣ ಬೀದಿಯ ಕಡೆಗೆ ಹೊರಡುವಂತೆ ಕಂಡಿತು. ನನಗೆ ಸಮಾಧಾನವಾಗುವಷ್ಟರಲ್ಲಿ ಪೂರ್ತಿ ತಿರುಗಿ ಮತ್ತೆ ಮೇಜಿನ ಕಡೆಗೇ ಮುಖ ಮಾಡಿತು. ನಾನು ಬೆವರಿನಲ್ಲಿ ತೊಯ್ದುಹೋದೆ. ಕೈ ಬಿಟ್ಟರೆ ಈ ಗೂಳಿ ನೇರ ಹೋಗಿ ಇಬ್ಬರನ್ನೂ ಬಲಿ ತೆಗೆದುಕೊಳ್ಳುತ್ತದೆ! ಪ್ರಾಣ ಹೋದರೂ ಹಿಡಿಕೆ ಬಿಡಬಾರದು! ಆ ಘಳಿಗೆಯಲ್ಲಿ ನಾನು ಎಷ್ಟು ದೊಡ್ಡ ತ್ಯಾಗಿಯಾಗಿದ್ದೆ ಎಂಬುದು ಯಾರಿಗೂ ತಿಳಿಯದು.

ಗೇಲನ್ ಎದ್ದ. ತನ್ನ ಹುಲ್ಲನ್ನು ತಾನೇ ತುಳಿದುಕೊಂಡು, ಮೇಜು ಬಳಸಿ ಓಡಿಬಂದು, ಆರ್ಡಿತ್‌ಳ ಮುಂದೆ ಕೈಚಾಚಿ ನಿಂತ. ಅವನ ಕೈಯಲ್ಲಿ ಸಾರು ಬಡಿಸುವ ಸೌಟಿತ್ತು. ಮುಖ ಬಿಳಿಚಿತ್ತು. ಆದರೂ ಸೌಟು ಇಳಿಸಲಿಲ್ಲ.

ಅವನ ತೋಳಿನಡಿಯಿಂದ ಆರ್ಡಿತ್ ತಲೆ ಹೊರಗೆ ಹಾಕಿದಳು. ಹಸುವಿಗೆ ಹೇಳುವಷ್ಟು ಸಾವಧಾನವಾಗಿ ನನಗೆ ಹೇಳಿದಳು.

"ಆರಿನ್, ಕೈ ಬಿಡಿ."

"ಬಿಟ್ರೆ ನೀವು ಸತ್ತುಹೋಗ್ತೀರಿ!"

"ನೀವು ಅಮುಕಿ ಹಿಡ್ಕೊಂಡಿದೀರಲ್ಲ, ಅದಕ್ಕೇ ಅದು ನಡೀತಿದೆ. ಬಿಟ್ರೆ ನಿಲ್ಲುತ್ತೆ. ಬಿಡಿ."

ಬಿಟ್ಟೆ.

ನಿಂತಿತು.

ಮೇಜಿಗೂ ಯಂತ್ರಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಇಂಜಿನ್ನಿನ ಗುಡುಗು ಅಡಗಿದ ಮೇಲೆ ಕೇಳಿಸಿದ್ದು ಒಂದೇ ಶಬ್ದ, ಲೊಚ್ ಲೊಚ್ ಎಂದು ಯಾರೋ ಭಕ್ತಿಯಿಂದ ಅಗಿಯುವ ಶಬ್ದ. ತಿರುಗಿ ನೋಡಿದೆವು. ಗಡಿಯಲ್ಲಿ ವರ್ಷಗಟ್ಟಲೆ ತಪಸ್ಸಿಗೆ ಕೂತಿದ್ದ ಬಿಷಪ್, ತಂತಿಯೂ ತುಂಡಾಗಿ ಯಜಮಾನನೇ ಗಡಿ ದಾಟಿದ ಮೇಲೆ ತನಗೇನು ಅಡ್ಡಿ ಎಂದು ಹಿಂದೆಯೇ ಬಂದಿದ್ದ. ಮುಂಗಾಲುಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು, ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಹ್ಯಾಮನ್ನು ಮುಗಿಸುತ್ತಿದ್ದ. ಅನಾನಸನ್ನು ಮಾತ್ರ ಒಂದೊಂದಾಗಿ ಆರಿಸಿ ಪಕ್ಕಕ್ಕಿಡುತ್ತಿದ್ದ.

ಲಾನೂ ಹೋಯಿತು, ಮಾನವೂ ಹೋಯಿತು! ಗೇಲನ್‌ನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಬ್ಬಂಟಿಯಾದ ಮನುಷ್ಯ ಚಳಿಗಾಲವೆಲ್ಲ ಕೂಡಿಟ್ಟ ಧೈರ್ಯವನ್ನು ನಾನು ಒಂದು ಮಧ್ಯಾಹ್ನದಲ್ಲಿ ಉತ್ತು ಹಾಕಿದ್ದೆ. ತಮಾಷೆಯ ಮಾತಲ್ಲ. ಆಗ ನನ್ನ ಎದೆಯೊಳಗೆ ನಿಜವಾಗಿಯೂ ಒಂದು ತೂತು ಬಿದ್ದಂತಾಯಿತು.

"ಗೇಲನ್..." ಎಂದೆ.

ಮಾರ್ಲಿಸ್ ಬಂದಳು. ಆ ಹೊತ್ತಿಗೆ ಬೇಕಾದ್ದು ಮಾತಲ್ಲ, ಊಟ ಎಂದು ನಮ್ಮ ಕಡೆಯ ಹೆಂಗಸರಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ. ಅವಳ ಕೈಯಲ್ಲಿ ಒಲೆಯಿಂದ ಆಗಷ್ಟೇ ತೆಗೆದ ಹಾಟ್‌ಡಿಶ್ ಇತ್ತು. ಕೊಚ್ಚಿದ ಮಾಂಸ, ಅಣಬೆಯ ಗಂಜಿ, ಮೇಲೆ ಕೆಂಪಗೆ ಸುಟ್ಟ ಆಲೂಗಡ್ಡೆ. ಅದನ್ನು ಮೇಜಿನ ಮೇಲಿಟ್ಟು, ಬಿಷಪ್‌ನ ಪಟ್ಟಿ ಹಿಡಿದು ಕೆಳಗಿಳಿಸಿ, "ಕೂತ್ಕೊಳ್ಳಿ, ಆರಿಹೋಗುತ್ತೆ" ಎಂದಳು. ನನಗೂ ಕೂತುಕೋ ಎಂದಳೋ, ಇಲ್ಲವೋ, ಸ್ಪಷ್ಟವಾಗಲಿಲ್ಲ. ಕೂತೆ.

ಅರ್ಧ ಊಟವಾದ ಮೇಲೆ ಆರ್ಡಿತ್ ಚಮಚ ಕೆಳಗಿಟ್ಟಳು.

"ಗೇಲನ್, ಏನೋ ಮಾತು ಅಂದ್ಯಲ್ಲ. ಮುಗಿಸು."

ಗೇಲನ್ ನಮ್ಮಿಬ್ಬರನ್ನು ನೋಡಿದ. ನಾವು ಏಳಹೊರಟೆವು.

"ಅವರು ಕೂತಿರ್ಲಿ ಬಿಡು" ಎಂದಳು ಆರ್ಡಿತ್. "ಇಷ್ಟು ದೂರ ಬಂದಿದಾರೆ."

ಪಾಪ, ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ ಗೇಲನ್ ಕೇಳಿದ. ಅರ್ಧ ಮಾತು ನುಂಗಿದ, ಅರ್ಧ ಆಲೂಗಡ್ಡೆ ನುಂಗಿದ. ಆರ್ಡಿತ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಿಜ ಹೇಳ್ಲಾ? ಮನೆಯಿಂದ ಹೊರಡೋವಾಗ 'ಬೇಡ' ಅನ್ನೋಣ ಅಂತಲೇ ಇದ್ದೆ. ಹುಲ್ಲಿನ ಮೇಲೆ ಕಾಲಿಡೋಕೆ ಬಿಡದವನ ಜೊತೆ ಬಾಳೋದು ಹೇಗಪ್ಪ, ಕಲ್ಲಿಂದ ಕಲ್ಲಿಗೆ ಹಾರ್ಕೊಂಡೇ ಇರ್ಬೇಕಲ್ಲ ಅನ್ನಿಸ್ತಿತ್ತು. ಆದ್ರೆ ಈಗ ನೋಡ್ದೆ. ಮಿಷನ್ ಬಂದಾಗ ನೀನು ಒಂದು ಸಲಾನೂ ಹುಲ್ಲಿನ ಕಡೆ ನೋಡ್ಲಿಲ್ಲ." ಅವಳು ಮೇಜಿನ ಮೇಲಿದ್ದ ಸೌಟನ್ನು ಅವನ ಕಡೆ ಸರಿಸಿದಳು. "ಸೌಟು ಹಿಡ್ಕೊಂಡು ನಿಂತ್ಯಲ್ಲ ಮಾರಾಯ. ಆಗ್ಲಿ. ಮದ್ವೆ ಆಗೋಣ."

ಗೇಲನ್‌ನ ಕಣ್ಣಲ್ಲಿ ನೀರು ಬಂತು. ಮಾರ್ಲಿಸ್ ಕರವಸ್ತ್ರ ಹುಡುಕಿದಳು. ನಾನು ಎದೆಯುಬ್ಬಿಸಿ, "ನೋಡಿ, ನಾನು ಬರ್ದೇ ಇದ್ದಿದ್ರೆ..." ಎಂದು ಆರಂಭಿಸಿದೆ. ಮೇಜಿನಡಿ ಮಾರ್ಲಿಸ್ ನನ್ನ ಮೊಣಕಾಲಿಗೆ ಒದ್ದಳು. ವಾಕ್ಯ ಅಲ್ಲಿಗೇ ಮುಗಿಯಿತು. ಸಂಜೆಯೊಳಗೆ ಯಂತ್ರವೂ ಅಂಗಡಿಗೆ ವಾಪಸಾಯಿತು. ನನ್ನ ಜೊತೆ ಮಾರ್ಲಿಸ್ ಕೂಡ ಬಂದಿದ್ದಳು, ದಾರಿಯಲ್ಲಿ ನಾನು ಮನಸ್ಸು ಬದಲಿಸದಿರಲಿ ಎಂದು.

ಹಿಮ ಬಿತ್ತು, ಹಿಮ ಕರಗಿತು. ವಸಂತದಲ್ಲಿ ಗೇಲನ್‌ನ ಲಾನಿನಲ್ಲಿ ಒಂದು ಅಚ್ಚರಿ ಮೂಡಿತು. ನಮ್ಮ ಗಡಿಯಿಂದ ಹೊರಟು, ಹಕ್ಕಿಯ ಬಟ್ಟಲನ್ನು ಸುತ್ತಿ, ಮೇಜಿದ್ದ ಜಾಗಕ್ಕೆ ತಲುಪುವ ಒಂದು ಸೊಟ್ಟ ಪಟ್ಟೆ. ಉಳಿದ ಹುಲ್ಲಿಗಿಂತ ಗಾಢ, ಉಳಿದ ಹುಲ್ಲಿಗಿಂತ ಎತ್ತರ, ಕಣ್ಣು ಕುಕ್ಕುವ ಹಸಿರು. ಜೂನ್‌ನಲ್ಲಿ ಮದುವೆ ಆ ಲಾನಿನ ಮೇಲೆಯೇ ನಡೆಯಿತು. ಆರ್ಡಿತ್ ಅದೇ ಪಟ್ಟೆಯ ಮೇಲೆ ನಡೆದುಬರುವುದಾಗಿ ಹಟ ಹಿಡಿದಳು. ಮದುಮಗಳು ಬಟ್ಟಲಿಗೆ ಪೂರ್ತಿ ಒಂದು ಸುತ್ತು ಬಂದಳು. ಅವಳ ಹಿಂದೆ ಅವಳ ತಂಗಿಯರೂ ಸುತ್ತು ಬಂದರು. ಕಾರಣ ಗೊತ್ತಿಲ್ಲದವರು ಅದೇನೋ ನಮ್ಮೂರಿಗೆ ವಲಸೆ ಬಂದ ಹಿರಿಯರು ತಂದ ಹಳೆಯ ನಾರ್ವೆಯ ಪದ್ಧತಿಯಿರಬೇಕೆಂದು ಎದ್ದು ನಿಂತರು.

ಮತ್ತೆ ನನ್ನ ಲಾನು? ಮಳೆ ಬಂದರೆ ಅದರ ಮೇಲೆ ನೀರು ಕನ್ನಡಿಯ ಹಾಗೆ ನಿಲ್ಲುತ್ತಿತ್ತು. ಹುಲ್ಲಿನ ಸುಳಿವಿರಲಿಲ್ಲ. ರಾಬಿನ್ ಹಕ್ಕಿಯೊಂದು ಹುಳು ಹುಡುಕಿಕೊಂಡು ಬಂದು, ಕೊಕ್ಕಿನಿಂದ ಎರಡು ಸಲ ಕುಟ್ಟಿ, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಹಾರಿಹೋಗಿತ್ತು. ಹಾಗಾಗಿ ಮದುವೆಗೆ ಮುಂಚೆ ಆರ್ಡಿತ್ ಬಂದು, "ನಿಮ್ಮ ಲಾನು ಬೇಕಿತ್ತು ಆರಿನ್" ಎಂದಾಗ ನನ್ನ ಮೈ ಪುಳಕಗೊಂಡಿತು.

"ನಮ್ಮ ಲಾನಾ? ಫೋಟೋ ತೆಗೆಸೋಕಾ?"

"ಅಲ್ಲ, ಕುಣಿಯೋಕೆ. ಹಲಗೆ ಹಾಸದೆ ಪೋಲ್ಕಾ ಕುಣಿಯೋಕೆ ಆಗೋ ನೆಲ ಇಡೀ ಬೀದೀಲಿ ಅದೊಂದೇ."

ಕುಣಿದರು. ಅಕಾರ್ಡಿಯನ್ ಬಾರಿಸಿಕೊಂಡು, ಊರಿಗೆ ಊರೇ ಬಂದು, ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡು ದಡಬಡ ಕುಣಿದರು. ನೆಲದಿಂದ ಒಂದು ಕಣ ಧೂಳೂ ಏಳಲಿಲ್ಲ. ಸುಸ್ತಾದ ಪಾಸ್ಟರ್ ಹಣೆಯೊರೆಸಿಕೊಳ್ಳುತ್ತ ನಮ್ಮ ಬಳಿ ಬಂದು, ಪಾದದಿಂದ ನೆಲವನ್ನು ಟಕಟಕ ತಟ್ಟಿ ನೋಡಿದರು.

"ಎಂಥಾ ಚೆನ್ನಾದ ಕೆಲಸ! ಈ ಅಂಗಳಕ್ಕೆ ಸಿಮೆಂಟ್ ಹಾಕಿದ್ದು ಯಾರು?"

ನನ್ನ ಬಾಯಿ ತುಂಬ ಮದುವೆಯ ಕೇಕಿತ್ತು. ನಾನು ಅದನ್ನು ನುಂಗುವ ಮೊದಲೇ ಮಾರ್ಲಿಸ್ ನನ್ನ ತೋಳು ಹಿಡಿದು, ಬಹಳ ವಿನಯದಿಂದ ಹೇಳಿದಳು.

"ನಮ್ಮ ಯಜಮಾನ್ರೇ ಪಾಸ್ಟರ್. ಹುಲ್ಲು ಹುಲುಸಾಗಿ ಬೆಳೀಲಿ ಅಂತ."